ಸ್ಟಾರ್ ಪಕ್ಕದ ಖಾಲಿ ಜಾಗ

ಮನೆಯ ಕಂಪ್ಯೂಟರಿನಲ್ಲಿ ಸರಾಗವಾಗಿ ನಡೆದ ಪ್ರೋಗ್ರಾಂ ಕಾಲೇಜಿನ ಲ್ಯಾಬಿನಲ್ಲಿ ‘ಫೈಲ್ ಸಿಗಲಿಲ್ಲ’ ಎಂದು ಹಟ ಹಿಡಿಯುವುದುಂಟು. ಫೈಲ್ ಕಣ್ಣೆದುರಿಗೇ ಇರುತ್ತದೆ! ಮನೆಯಲ್ಲಿ ವಿಂಡೋಸ್, ಲ್ಯಾಬಿನಲ್ಲಿ ಲಿನಕ್ಸ್ ಇದ್ದರೆ ಮೊದಲು ನೋಡಬೇಕಾದದ್ದು ಫೈಲಿನ ವಿಳಾಸವನ್ನು.

ಫೋಲ್ಡರುಗಳ ಹೆಸರನ್ನು ಬೇರ್ಪಡಿಸಲು ವಿಂಡೋಸ್ \ ಗೆರೆಯನ್ನು ಬಳಸುತ್ತದೆ, ಲಿನಕ್ಸ್ / ಗೆರೆಯನ್ನು. 1981ರ ಎಂಎಸ್-ಡಾಸ್‌ನಲ್ಲಿ ಫೋಲ್ಡರುಗಳೇ ಇರಲಿಲ್ಲ. ಆದೇಶಗಳಿಗೆ ಹೆಚ್ಚಿನ ಸೂಚನೆ ಕೊಡಲು / ಬಳಕೆಯಲ್ಲಿತ್ತು. 1983ರ ಎರಡನೆಯ ಆವೃತ್ತಿಯಲ್ಲಿ ಫೋಲ್ಡರುಗಳು ಬಂದಾಗ \ ಗೆರೆಯನ್ನು ಆರಿಸಿಕೊಳ್ಳಬೇಕಾಯಿತು. ಲಿನಕ್ಸ್‌ನ ಆದೇಶದ ಸಾಲಿನಲ್ಲಾದರೋ \ ಎಂದರೆ ‘ಮುಂದಿನ ಚಿಹ್ನೆಗೆ ವಿಶೇಷ ಅರ್ಥ ಬೇಡ’ ಎಂದು. ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರಗಳನ್ನು ವಿಂಡೋಸ್ ಸಾಮಾನ್ಯವಾಗಿ ಒಂದೇ ಎಂದು ಎಣಿಸುತ್ತದೆ. ಲಿನಕ್ಸ್‌ಗೆ ಅವು ಬೇರೆ ಬೇರೆ.

ಒಂದೇ ಬಗೆಯ ಹಲವು ಫೈಲುಗಳನ್ನು ಒಟ್ಟಿಗೆ ಹುಡುಕಲು ಸ್ಟಾರ್ (*) ಮತ್ತು ಪ್ರಶ್ನೆಚಿಹ್ನೆ (?) ನೆರವಾಗುತ್ತವೆ. ‘ಪಾಠ*’ ಎಂದರೆ ಪಾಠ1, ಪಾಠ2, ಪಾಠ10 ಮೂರೂ ಸಿಗುತ್ತವೆ. ‘ಪಾಠ?’ ಎಂದರೆ ಪಾಠ10 ಸಿಗುವುದಿಲ್ಲ. ಒಂದು ಪ್ರಶ್ನೆಚಿಹ್ನೆಯಲ್ಲಿ ಎರಡು ಅಂಕಿ ಹಿಡಿಸದು. ಈ ಎರಡು ಚಿಹ್ನೆಗಳನ್ನು ಫೈಲಿನ ಹೆಸರಿನಲ್ಲೇ ಸೇರಿಸಲು ವಿಂಡೋಸ್ ಬಿಡುವುದಿಲ್ಲ, ಲಿನಕ್ಸ್ ಬಿಡುತ್ತದೆ.

ಅಪಾಯವಿರುವುದು ಅಳಿಸುವಾಗ. ‘.ಹಳೆ’ ಎಂದು ಕೊನೆಗೊಳ್ಳುವ ಫೈಲುಗಳನ್ನು ತೆಗೆಯಲು ಲಿನಕ್ಸ್‌ನ ಅಳಿಸುವ ಆದೇಶದ ಮುಂದೆ ‘*.ಹಳೆ’ ಎಂದು ಬರೆಯಬೇಕು. ಕೈತಪ್ಪಿ ‘* .ಹಳೆ’ ಎಂದು ನಡುವೆ ಜಾಗ ಬಿಟ್ಟರೆ ಸ್ಟಾರ್ ಒಂಟಿಯಾಗಿ ನಿಲ್ಲುತ್ತದೆ. ಒಂಟಿ ಸ್ಟಾರ್ ಎಂದರೆ ಆ ಫೋಲ್ಡರಿನಲ್ಲಿ ಕಾಣುವ ಎಲ್ಲ ಫೈಲುಗಳೂ! ವರ್ಷವಿಡೀ ಮಾಡಿದ ಪ್ರಾಜೆಕ್ಟ್ ಕ್ಷಣದಲ್ಲಿ ಮಾಯ. ಹೀಗೆ ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ.

ಇದಕ್ಕೆ ಉಪಾಯ ಸುಲಭ. ಅಳಿಸುವ ಮುನ್ನ ಅದೇ ಚಿಹ್ನೆಗಳನ್ನು ‘ಎಲ್‌ಎಸ್’ ಆದೇಶಕ್ಕೆ ಕೊಟ್ಟು, ಯಾವ ಯಾವ ಹೆಸರು ಬರುತ್ತವೆ ಎಂದು ಓದಿಕೊಳ್ಳಬೇಕು. ಫೈಲಿಗೆ ಹೆಸರಿಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ, ಅಂಕಿ, ಅಡಿಗೆರೆ (_) ಇಷ್ಟೇ ಸಾಕು. ಖಾಲಿ ಜಾಗ ಬೇಡ. ಸಿ, ಪೈಥಾನ್ ಪ್ರೋಗ್ರಾಂಗಳಲ್ಲಿ ವಿಳಾಸಕ್ಕೆ / ಬಳಸಿದರೆ ಸಾಮಾನ್ಯವಾಗಿ ಎರಡೂ ಕಡೆ ನಡೆಯುತ್ತದೆ.

ಇನ್ನು ಪೋಷಕರಿಗೆ ಒಂದು ಮಾತು: ಮಕ್ಕಳ ಪ್ರಾಜೆಕ್ಟಿನ ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿ ಇದೆಯೇ ಎಂದು ವಾರಕ್ಕೊಮ್ಮೆ ಕೇಳಿ. ಕಂಪ್ಯೂಟರ್ ಬಾರದವರೂ ಕೇಳಬಹುದಾದ ಪ್ರಶ್ನೆ ಇದು.