ಮೂಗಿಗೆ ಗೊತ್ತಾಗುವುದು, ಗೊತ್ತಾಗದ್ದು

ಜೋಳದ ಹಿಟ್ಟಿನ ಡಬ್ಬಿಯ ಮೇಲೆ ತಾರೀಖು ಇರುವುದಿಲ್ಲ. ಹುಬ್ಬಳ್ಳಿಯ ಅಂಚಿನ ಗಬ್ಬೂರಿನಲ್ಲಾಗಲಿ ಇನ್ನೆಲ್ಲಾಗಲಿ, ಗಿರಣಿಯಿಂದ ಬಿಸಿಬಿಸಿಯಾಗಿ ತಂದ ಹಿಟ್ಟಿಗೆ ಮುದ್ರೆ ಒತ್ತುವವರು ಯಾರು? ಆದರೂ ಅದು ಹಳೆಯದಾಯಿತೆಂಬುದು ಮನೆಯ ಅಜ್ಜಿಗೆ ತಿಳಿಯುತ್ತದೆ. ಜಿಗಿ ಹೋಗಿ, ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ, ಬಾಯಿಗಿಟ್ಟರೆ ಕಹಿ. ಹಗೇವಿನಲ್ಲಿ ತಿಂಗಳುಗಟ್ಟಲೆ ಕೆಡದೆ ಇರುವ ಕಾಳನ್ನು ಬೀಸಿದೊಡನೆ ಅದರೊಳಗಿನ ಎಣ್ಣೆಯಂಶ ಗಾಳಿಗೆ ಸಿಕ್ಕಿ ಕಮಟು ಹಿಡಿಯತೊಡಗುತ್ತದೆ. ಅಗಸಿ, ಗುರೆಳ್ಳು ಚಟ್ನಿಪುಡಿಗಳ ಕಥೆಯೂ ಇದೇ. ಆಗಾಗ ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳುವುದು ಲೇಸು.

ಅಂಗಡಿಯ ಪೊಟ್ಟಣಗಳ ಮೇಲೆ ತಾರೀಖು ಉಂಟು. 2020ರ ಲೇಬಲ್ ನಿಯಮಗಳ ಪ್ರಕಾರ ಬಹುತೇಕ ಆಹಾರ ಪೊಟ್ಟಣಗಳ ಮೇಲೆ ತಯಾರಾದ ದಿನವೂ ಬಳಕೆಯ ಕೊನೆಯ ದಿನವೂ ಇರಬೇಕು. ಆದರೆ ಆ ದಿನ ಒಡೆಯದ ಪೊಟ್ಟಣಕ್ಕೆ ಮಾತ್ರ. ಒಡೆದ ಮೇಲೆ ಲೆಕ್ಕ ನಮ್ಮದು. ಒಡೆದ ದಿನವನ್ನು ಡಬ್ಬಿಯ ಮೇಲೆ ಪೆನ್ನಿನಿಂದ ಬರೆದಿಡಿ. ಅಡಿಗೆ ಸೋಡಾಕ್ಕಂತೂ ಮಕ್ಕಳೇ ಪರೀಕ್ಷೆ ಮಾಡಬಹುದು: ಒಂದು ಚಿಟಿಕೆಗೆ ನಿಂಬೆರಸ ಹನಿಸಿ, ಬುಸ್ಸೆಂದು ನೊರೆ ಬರದಿದ್ದರೆ ಅದರ ಸತ್ವ ಮುಗಿಯಿತು.

ಒಂದು ಎಚ್ಚರಿಕೆ. ಬೂಸ್ಟು ಹಿಡಿದ ಶೇಂಗಾವನ್ನು ಆರಿಸಿ, ಹುರಿದು ಚಟ್ನಿಗೆ ಹಾಕುವ ಉಳಿತಾಯ ಬೇಡ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಯಕೃತ್ತಿಗೆ ಕೇಡು ಮಾಡುವ ಈ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ಇಷ್ಟೆಲ್ಲ ಮೂಗು, ನಾಲಿಗೆ, ಕಣ್ಣಿನ ಕೆಲಸ. ಔಷಧಿಯ ಮುಂದೆ ಇವು ಮೂರೂ ಸೋಲುತ್ತವೆ. ಹಳೆಯ ಮಾತ್ರೆ ಹೊಸದರಂತೆಯೇ ಬೆಳ್ಳಗೆ ಹೊಳೆಯಬಹುದು. ಇಲ್ಲಿ ತಾರೀಖನ್ನೇ ನಂಬಬೇಕು. 10/2027 ಎಂದಿದ್ದರೆ ಆ ಅಕ್ಟೋಬರ್ 31ರವರೆಗೆ ಬಳಸಬಹುದೆಂದು ಅರ್ಥ. ಕಣ್ಣಿನ ಹನಿಯ ಸೀಸೆಯನ್ನು ಮಾತ್ರ, ಮೇಲೆ ಎಷ್ಟೇ ದೂರದ ತಾರೀಖಿದ್ದರೂ, ಸಾಮಾನ್ಯವಾಗಿ ತೆರೆದ ಒಂದು ತಿಂಗಳಿಗೆ ಎಸೆಯಬೇಕು. ಕಳೆದ ವರ್ಷ ಅಣ್ಣನಿಗೆ ಕಣ್ಣು ಬಂದಾಗ ತಂದದ್ದನ್ನು ಈ ವರ್ಷ ತಂಗಿಗೆ ಹಾಕುವ ಮನೆಗಳು ಇನ್ನೂ ಇವೆ! ಓ.ಆರ್.ಎಸ್. ಪುಡಿಯನ್ನು ನೀರಿಗೆ ಬೆರೆಸಿದ ಮೇಲೆ 24 ಗಂಟೆ ಅಷ್ಟೆ, ಉಳಿದದ್ದನ್ನು ಚೆಲ್ಲಿ.

ಅಡಿಗೆಮನೆಯಲ್ಲಿ ತಾರೀಖಿರುವ ಇನ್ನೊಂದು ವಸ್ತುವನ್ನು ನಾವು ಓದುವುದೇ ಇಲ್ಲ. ಗ್ಯಾಸ್ ಸಿಲಿಂಡರಿನ ಹಿಡಿಕೆಯ ಕೆಳಗೆ ಮೂರು ಲೋಹದ ಪಟ್ಟಿಗಳಿರುತ್ತವೆ. ಅವುಗಳಲ್ಲೊಂದರ ಒಳಬದಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ. ಎ ಎಂದರೆ ಮಾರ್ಚ್‌ವರೆಗೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್, ಅಂಕಿ ಇಸವಿ. ‘ಬಿ-29’ ಇದ್ದರೆ 2029ರ ಜೂನ್ ಒಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಒಳಪಡಿಸಬೇಕು. ಕೆಡುವುದು ಗ್ಯಾಸಲ್ಲ, ಅದನ್ನು ತುಂಬಿದ ಉಕ್ಕಿನ ಪಾತ್ರೆ. ಅವಧಿ ಮೀರಿದ್ದು ಬಂದರೆ ತಂದವರು ಬಾಗಿಲಲ್ಲಿರುವಾಗಲೇ ಬೇರೆಯದನ್ನು ಕೇಳಿ. ಓದಲು ಮಕ್ಕಳನ್ನು ಕರೆಯಿರಿ; ಆ ಸಣ್ಣ ಅಕ್ಷರ ಅವರ ಕಣ್ಣಿಗೇ ಬೇಗ ಕಾಣುತ್ತದೆ.