ದ್ವೀಪಕ್ಕೆ ಹೊರಟವರೊಡನೆ ಒಂದು ಜಗಳ

ಎಲ್.ಎಫ್.ಸಿ. ಅರ್ಜಿ ಹಾಕುವ ಕಾಲ ಬಂದರೆ ನಮ್ಮ ಬ್ಯಾಂಕಿನ ಕೌಂಟರಿನ ಈಚೆ ಬದಿಯಲ್ಲಿ ಊರು ಸುತ್ತುವ ಮಾತೇ ಮಾತು. ಈ ಸಲ ಎಲ್ಲರ ಬಾಯಲ್ಲೂ ಲಕ್ಷದ್ವೀಪ. 2024ರ ಜನವರಿಯಲ್ಲಿ ಪ್ರಧಾನಿಯವರು ಅಲ್ಲಿಗೆ ಹೋಗಿ ಬಂದು, ಅದರ ಬಗ್ಗೆ ಹಗುರವಾಗಿ ಮಾತಾಡಿದ ಮಾಲ್ದೀವ್ಸಿನ ಮೂವರು ಉಪಮಂತ್ರಿಗಳು ಅಮಾನತುಗೊಂಡ ಮೇಲೆ, ಲಕ್ಷದ್ವೀಪಕ್ಕೆ ಹೋಗುವುದು ದೇಶಸೇವೆಯೂ ಆಗಿಬಿಟ್ಟಿದೆ. ನಾನೂ ಹೊರಟವನೇ. ಆದುದರಿಂದ ಈ ಜಗಳ ಅರ್ಧ ನನ್ನೊಡನೆಯೇ.

"ನಮ್ಮ ದೇಶದೊಳಗೆ ಹೋಗಲಿಕ್ಕೆ ಪರ್ಮಿಟ್ ಯಾಕೆ ಮಾರಾಯ್ರೆ?" ಎಂದು ಸಹೋದ್ಯೋಗಿಯೊಬ್ಬರು ಸಿಡುಕಿದರು. ಕನ್ನಡದ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವವರು, ಅಲ್ಪಸಂಖ್ಯಾತರ ಹಕ್ಕು ಎಂದರೆ ಮೇಜು ಗುದ್ದುವವರು. ಒಟ್ಟು ನೆಲ 32 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನ 64,473. ಅಷ್ಟು ಮಂದಿಯ ನೆಲಕ್ಕೂ ಬದುಕಿಗೂ ಆ ಪರ್ಮಿಟ್ ಒಂದು ಬೇಲಿ. ನಮಗೆ ಬೇಲಿ ಬೇಕೆಂದು 1956ರಿಂದ ಬೊಬ್ಬೆ ಹಾಕುತ್ತ ಬಂದ ನಾವು ಇನ್ನೊಬ್ಬರ ಬೇಲಿ ಕಂಡೊಡನೆ ಹಾರಲು ಪಂಚೆ ಎತ್ತಿಕಟ್ಟುವುದೇ?

ಇನ್ನೊಬ್ಬರದು ಬೇರೆ ರಾಗ. "ಅಲ್ಲಿಯೂ ಮಲಯಾಳವೇ ಅಲ್ಲವೋ, ಅದನ್ನು ಕೇಳಲಿಕ್ಕೆ ಕಡಲು ದಾಟಬೇಕೋ?" ಅಲ್ಲಿನ ಜಸರಿ ಮಲಯಾಳದ ಬಳಗದ್ದೇ ಹೌದು. ಆದರೆ ಮಿನಿಕಾಯ್‌ಯಲ್ಲಿ ಮಹಲ್ ಎಂಬ ಬೇರೆಯೇ ಭಾಷೆಯಿದೆ, ಬಲದಿಂದ ಎಡಕ್ಕೆ ಬರೆಯುವ ಅದರದ್ದೇ ಲಿಪಿಯಿದೆ. 2025ರ ಮೇ ತಿಂಗಳಲ್ಲಿ ಆ ಮಹಲನ್ನೂ ಅರಬಿಯನ್ನೂ ಶಾಲೆಯ ಪಾಠಪಟ್ಟಿಯಿಂದ ಕೈಬಿಡುವ ಆದೇಶ ಬಂತು. ಜೂನಿನಲ್ಲಿ ಕೇರಳ ಹೈಕೋರ್ಟು ತಡೆ ಕೊಟ್ಟಿತು. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯವಾದಾಗ ಬೀದಿಗಿಳಿದ ನಮ್ಮಲ್ಲಿ ಎಷ್ಟು ಮಂದಿ ಆ ಸುದ್ದಿಯನ್ನು ಓದಿದೆವು? ನಾನು ಓದಿದೆ, ಪುಟ ಮಗುಚಿದೆ. ಹಡಗಿನ ದರ ಎಲ್ಲಿದೆ ಎಂದು ಹುಡುಕುತ್ತಿದ್ದೆ.

ಅಮೀನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ, ಈ ಐದೂ ದ್ವೀಪಗಳು 1956ರ ಅಕ್ಟೋಬರ್ ಮುಗಿಯುವ ತನಕ ದಕ್ಷಿಣ ಕನ್ನಡ ಜಿಲ್ಲೆಯವು. ನಾವೂ ಅದೇ ಜಿಲ್ಲೆಯವರು. ಒಂದೇ ದಿನ, ಒಂದೇ ಕತ್ತರಿ: ನಾವು ಕೇರಳಕ್ಕೆ, ಅವರು ಕೇಂದ್ರಕ್ಕೆ. ಅಲ್ಲಿನ ತೆಂಗಿನ ನಾರಿನ ಹುರಿಯನ್ನು ಸರಕಾರವೇ ಕೊಂಡು ಬದಲಿಗೆ ಅಕ್ಕಿ ಕೊಡುತ್ತಿದ್ದ ಕಾಲವೊಂದಿತ್ತು. ಮಂಗಳೂರಿನ ಬಂದರದಲ್ಲಿ ದಿನಸಿ ಅಂಗಡಿಯ ಲೆಕ್ಕ ಬರೆಯುತ್ತಿದ್ದ ನನ್ನ ಅಜ್ಜ ಓಡಗಳಲ್ಲಿ ಬಂದಿಳಿಯುವ ಅಮೀನಿಯವರನ್ನು "ನಮ್ಮ ಜಿಲ್ಲೆಯವರು" ಎಂದೇ ಹೇಳುತ್ತಿದ್ದರು. ಮೊಮ್ಮಗನಾದ ನನಗೆ ಅವರು ಈಗ ಫೋಟೋದಲ್ಲಿ ನೀಲಿ ನೀರಿನ ಹಿಂದೆ ಮಸುಕಾಗಿ ನಿಂತವರು. ಚೆತ್ಲಾತ್ ಕೊಚ್ಚಿಗಿಂತ ನಮ್ಮ ಕರಾವಳಿಗೇ ಹತ್ತಿರ. ಆದರೂ ಪ್ರವಾಸದ ಹಡಗು ಹಿಡಿಯಲು ನಾವು ರೈಲಿನಲ್ಲಿ ತೆಂಕಕ್ಕೆ, ಕೊಚ್ಚಿಯ ತನಕ ಓಡಬೇಕು!

ನೀರಿನ ವಿಷಯ ಹೇಳದೆ ಬಿಡಲಾರೆ. ಆ ದ್ವೀಪಗಳಲ್ಲಿ ಹೊಳೆಯಿಲ್ಲ. ಮಳೆಯ ನೀರು ಮರಳಿನಡಿಯಲ್ಲಿ ಉಪ್ಪು ನೀರಿನ ಮೇಲೆ ತೆಳ್ಳಗೆ ತೇಲಿಕೊಂಡಿರುತ್ತದೆ. ಹೆಚ್ಚು ಎಳೆದರೆ ಬಾವಿಗೆ ಉಪ್ಪೇ ಬರುತ್ತದೆ. 2005ರಲ್ಲಿ ಕವರತ್ತಿಯಲ್ಲಿ ಕಡಲ ನೀರನ್ನು ಸಿಹಿಯಾಗಿಸುವ ಸ್ಥಾವರ ಹಾಕಿದರು, ದಿನಕ್ಕೆ ಒಂದು ಲಕ್ಷ ಲೀಟರಿನದು. ದೊಡ್ಡ ಹೋಟೆಲು, ಈಜುಕೊಳ, ಎರಡು ಹೊತ್ತಿನ ಸ್ನಾನ ಕೇಳುವವರು ಈ ಲೆಕ್ಕವನ್ನೂ ಹಾಕಲಿ. ಬೇಸಗೆಯಲ್ಲಿ ಚಂದ್ರಗಿರಿ ಹೊಳೆಗೆ ಕಡಲು ನುಗ್ಗಿ, ಕಾಸರಗೋಡು ಪೇಟೆಯ ನಲ್ಲಿಯಲ್ಲಿ ಉಪ್ಪು ನೀರು ಬರುತ್ತಿದ್ದ ವರ್ಷಗಳಲ್ಲಿ ಗಂಜಿ ಬೇಯಿಸಿದ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕೇ? 1998ರಿಂದೀಚೆಗೆ ಅಲ್ಲಿನ ಹವಳ ಮತ್ತೆ ಮತ್ತೆ ಬಿಳಿಚುತ್ತಿದೆ, 2024ರಲ್ಲಿಯೂ ಬಿಳಿಚಿತು. ಹವಳ ಹೋದರೆ ತೆರೆಯನ್ನು ತಡೆಯುವ ಗೋಡೆಯೇ ಹೋದಂತೆ.

ಹಾಗಾದರೆ ಹೋಗಬಾರದೇ ಎಂದು ಮನೆಯಾಕೆ ಕೇಳಿದಳು. ಹೋಗುವ, ಕಡಮತ್ತಿಗೆ, ಮಳೆಗಾಲದ ಮೊದಲು ಎಂದೆ. ಪರ್ಮಿಟ್ಟಿನ ಅರ್ಜಿ ತುಂಬಿಸುತ್ತಿದ್ದಾಗ ಒಂಬತ್ತನೆಯ ತರಗತಿಯ ಮಗಳು ಬದಿಗೆ ಬಂದು, "ಅಪ್ಪಾ, ಅಲ್ಲಿ ನಾವು ಯಾವ ಊರಿನವರು ಅಂತ ಹೇಳುವುದು?" ಎಂದಳು. ಕಾಸರಗೋಡು ಎಂದು ಬರೆದೆ. ಅಜ್ಜನ ಜಿಲ್ಲೆಯ ಹೆಸರಿಗೆ ಆ ಫಾರ್ಮಿನಲ್ಲಿ ಕಾಲಮೇ ಇರಲಿಲ್ಲ.