ನಕಲು ಮೂಲವನ್ನು ಕಾಯುವ ಬಗೆ

ಜ್ವರ ಬಂದು ಹದಿನೈದು ದಿನ ಶಾಲೆ ತಪ್ಪಿಸಿಕೊಂಡ ಹುಡುಗಿಯೊಬ್ಬಳು ಗೆಳತಿಯ ನೋಟ್ಸ್ ಪುಸ್ತಕ ಕೇಳಿ ತರುತ್ತಾಳೆ. ಇಡೀ ಪುಸ್ತಕವನ್ನು ಮೊದಲಿನಿಂದ ಬರೆಯುವ ಗೋಜಿಗೆ ಹೋಗುವುದಿಲ್ಲ. ತನ್ನ ಬರಹ ಎಲ್ಲಿಗೆ ನಿಂತಿದೆ ಎಂದು ನೋಡಿ, ಅಲ್ಲಿಂದ ಮುಂದಿನದನ್ನಷ್ಟೇ ಬರೆದುಕೊಳ್ಳುತ್ತಾಳೆ. ಇಷ್ಟಾದರೆ ಕೆಲಸ ಸುಲಭ. ಆದರೆ ಆ ಹದಿನೈದು ದಿನಗಳಲ್ಲಿ ಮೇಷ್ಟ್ರು ಹಳೆಯ ಪಾಠದ ಸೂತ್ರವೊಂದನ್ನು ತಿದ್ದಿಸಿದ್ದರೆ? ಮೂರನೆಯ ಪುಟದ ನಡುವೆ ಎರಡು ಸಾಲು ಸೇರಿಸಿದ್ದರೆ? ಕೊನೆಯ ಪುಟಗಳನ್ನಷ್ಟೇ ನಕಲು ಮಾಡಿಕೊಂಡ ಹುಡುಗಿ ಪರೀಕ್ಷೆಯಲ್ಲಿ ಹಳೆಯ ತಪ್ಪನ್ನೇ ಬರೆದು ಬರುತ್ತಾಳೆ.

ಕಂಪ್ಯೂಟರ್ ಕ್ಷೇತ್ರದಲ್ಲೂ ಇದೇ ತೊಡಕು ಇದೆ, ಆದರೆ ಅಲ್ಲಿ ಪುಸ್ತಕ ಬಹಳ ದೊಡ್ಡದು. ಕಂಪ್ಯೂಟರಿನ ಎಲ್ಲ ಭಾಗಗಳನ್ನೂ ನಡೆಸುವ ಮೂಲ ವ್ಯವಸ್ಥೆಗೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ಅದನ್ನು ರಚಿಸುವವರು ಬರೆದ ಬರಹವೇ ಸೋರ್ಸ್ ಕೋಡ್. ಲಿನಕ್ಸ್, ಫ್ರೀಬಿಎಸ್‌ಡಿ ಮುಂತಾದ ವ್ಯವಸ್ಥೆಗಳ ಸೋರ್ಸ್ ಕೋಡನ್ನು ಯಾರು ಬೇಕಾದರೂ ಪಡೆದು ಓದಬಹುದು, ತಿದ್ದಬಹುದು. ಜಗತ್ತಿನ ನಾನಾ ಕಡೆ ಕುಳಿತವರು ಹಗಲಿರುಳು ಅದನ್ನು ತಿದ್ದುತ್ತಲೇ ಇರುತ್ತಾರೆ. ಹಾಗಿರುವಾಗ ತನ್ನ ಮನೆಯ ಕಂಪ್ಯೂಟರಿನಲ್ಲಿರುವ ಪ್ರತಿ ಮೂಲ ಪ್ರತಿಯೊಂದಿಗೆ ಹೊಂದಿಕೊಂಡೇ ಇರುವಂತೆ ಒಬ್ಬ ವ್ಯಕ್ತಿ ನೋಡಿಕೊಳ್ಳುವುದು ಹೇಗೆ?

ಇತಿಹಾಸವೂ ಇರುವ ಭಂಡಾರ

1993ರಲ್ಲಿ ಆರಂಭವಾದ ಫ್ರೀಬಿಎಸ್‌ಡಿಯನ್ನೇ ತೆಗೆದುಕೊಳ್ಳೋಣ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಬೆಳೆದ ಯುನಿಕ್ಸ್ ವಂಶದ ವ್ಯವಸ್ಥೆ ಇದು. ಇದರ ಸೋರ್ಸ್ ಕೋಡ್ ಮೊದಲಿಗೆ ಸಿವಿಎಸ್ ಎಂಬ ತಂತ್ರಾಂಶದ ಭಂಡಾರದಲ್ಲಿತ್ತು. ಭಂಡಾರವೆಂದರೆ ಇಂದಿನ ಬರಹ ಮಾತ್ರವಲ್ಲ. ಯಾರು, ಯಾವ ದಿನ, ಯಾವ ಸಾಲನ್ನು, ಏಕೆ ಬದಲಿಸಿದರು ಎಂಬ ಇತಿಹಾಸವೆಲ್ಲ ಅದರಲ್ಲಿ ಇರುತ್ತದೆ. ಪ್ರತಿಯೊಂದು ಕಡತದ ಇತ್ತೀಚಿನ ರೂಪವನ್ನು ಪೂರ್ತಿಯಾಗಿ ಇಟ್ಟು, ಹಿಂದಿನ ರೂಪಗಳಿಗೆ ಮರಳಲು ಬೇಕಾದ ವ್ಯತ್ಯಾಸಗಳನ್ನಷ್ಟೇ ಜೊತೆಗೆ ಬರೆದಿಡುವುದು ಅಲ್ಲಿಯ ಕ್ರಮ.

ಆ ಕಾಲದಲ್ಲಿ ಮನೆಯಿಂದ ಸಂಪರ್ಕಕ್ಕೆ ಇದ್ದ ದಾರಿ ದೂರವಾಣಿ ತಂತಿ ಮತ್ತು ಮೋಡೆಂ. ಸೆಕೆಂಡಿಗೆ 28,800 ಬಿಟ್ ಕಳಿಸುವ ಮೋಡೆಂ ಎಂದರೆ, ಎಂಟು ಬಿಟ್‌ಗೆ ಒಂದು ಬೈಟ್‌ನಂತೆ, ಹೆಚ್ಚೆಂದರೆ ಸೆಕೆಂಡಿಗೆ 3,600 ಬೈಟ್. ಹತ್ತು ಕೋಟಿ ಬೈಟ್‌ಗಳ, ಅಂದರೆ ನೂರು ಮೆಗಾಬೈಟ್‌ಗಳ ಕಡತಗಳನ್ನು ತರಿಸಲು ಸುಮಾರು 28,000 ಸೆಕೆಂಡು ಬೇಕು. ಹತ್ತಿರ ಹತ್ತಿರ ಏಳೂಮುಕ್ಕಾಲು ಗಂಟೆ! ನಾಲ್ಕು ಸಾಲು ಬದಲಾದರೂ ದಿನವೂ ಎಲ್ಲವನ್ನೂ ತರಿಸುವುದು ಆಗುವ ಮಾತಲ್ಲ. ಬದಲಾದದ್ದನ್ನಷ್ಟೇ ತರಿಸಬೇಕು.

ಇದಕ್ಕೆ ಡೆನ್ಮಾರ್ಕಿನ ಪೋಲ್-ಹೆನ್ನಿಂಗ್ ಕಾಂಪ್ ಸಿಟಿಎಂ ಎಂಬ ಸರಳ ಉಪಾಯ ರೂಪಿಸಿದರು. ಆಗಾಗ ಆದ ಬದಲಾವಣೆಗಳನ್ನು ಒಂದು ಕಟ್ಟಾಗಿ ಮಾಡಿ, ಅದಕ್ಕೆ ಕ್ರಮಸಂಖ್ಯೆ ಕೊಟ್ಟು, ಇ-ಮೇಲ್ ಮೂಲಕ ಕಳಿಸುವುದು. ಪಡೆದವರು ಸಂಖ್ಯೆಯ ಕ್ರಮದಲ್ಲೇ ಒಂದೊಂದನ್ನು ತಮ್ಮ ಪ್ರತಿಗೆ ಸೇರಿಸಿಕೊಳ್ಳಬೇಕು. ನಡುವೆ ಒಂದು ಕಟ್ಟು ತಪ್ಪಿದರೆ ಮುಂದಿನದನ್ನು ಹಾಕುವಂತಿಲ್ಲ. ಧಾರಾವಾಹಿಯ ಒಂದು ಕಂತು ಓದದೆ ಹೋದರೆ ಕಥೆ ಹೇಗೋ ಅರ್ಥವಾದೀತು, ಇಲ್ಲಿ ಹಾಗಲ್ಲ.

ಬಳಿಕ ಜಾನ್ ಪೋಲ್‌ಸ್ಟ್ರಾ ಸಿವಿಎಸ್‌ಅಪ್ ಎಂಬ ತಂತ್ರಾಂಶ ಬರೆದರು. ಅದು ಎರಡೂ ಕಡೆಯ ಕಡತಗಳನ್ನು ಹೋಲಿಸಿ, ಇತಿಹಾಸಕ್ಕೆ ಹೊಸದಾಗಿ ಸೇರಿದ ಭಾಗವನ್ನಷ್ಟೇ ಕಳಿಸುತ್ತಿತ್ತು.

ಜಾರುವ ಕಿಟಕಿ

ಇಲ್ಲೊಂದು ಸ್ವಾರಸ್ಯದ ಪ್ರಶ್ನೆ ಇದೆ. ಎರಡು ಕಡತಗಳು ಎರಡು ದೂರದ ಊರುಗಳಲ್ಲಿವೆ. ಒಂದನ್ನು ಇನ್ನೊಂದರ ಪಕ್ಕಕ್ಕೆ ತಾರದೆ, ಅವುಗಳ ವ್ಯತ್ಯಾಸ ಕಂಡುಹಿಡಿಯುವುದು ಸಾಧ್ಯವೆ? ಸಾಧ್ಯ ಎಂದು ತೋರಿಸಿದವರು ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಸ್. 1996ರಲ್ಲಿ ಅವರು ಪ್ರಕಟಿಸಿದ ವಿಧಾನದ ಹೆಸರು ಆರ್‌ಸಿಂಕ್.

ಹಳೆಯ ಪ್ರತಿ ಇರುವ ಕಂಪ್ಯೂಟರು ತನ್ನ ಕಡತವನ್ನು ಸಮನಾದ ತುಂಡುಗಳಾಗಿ ಮಾಡಿ, ಪ್ರತಿ ತುಂಡಿಗೂ ಲೆಕ್ಕ ಹಾಕಿ ಒಂದು ಚಿಕ್ಕ ಸಂಖ್ಯೆ ತೆಗೆಯುತ್ತದೆ. ಆ ಸಂಖ್ಯೆಯನ್ನು ತುಂಡಿನ ಬೆರಳಚ್ಚು ಎನ್ನೋಣ. ತುಂಡುಗಳನ್ನಲ್ಲ, ಬೆರಳಚ್ಚುಗಳ ಪಟ್ಟಿಯನ್ನು ಮಾತ್ರ ಅದು ಹೊಸ ಪ್ರತಿ ಇರುವ ಕಂಪ್ಯೂಟರಿಗೆ ಕಳಿಸುತ್ತದೆ. ಆ ಕಂಪ್ಯೂಟರು ತನ್ನ ಕಡತದ ಮೇಲೆ ತುಂಡಿನಷ್ಟೇ ಅಗಲದ ಕಿಟಕಿಯೊಂದನ್ನು ಒಂದೊಂದೇ ಅಕ್ಷರ ಜಾರಿಸುತ್ತಾ, ಪಟ್ಟಿಗೆ ಹೊಂದುವ ಬೆರಳಚ್ಚು ಎಲ್ಲಿದೆ ಎಂದು ಹುಡುಕುತ್ತದೆ. ಹೊಂದಿದ ಕಡೆ ‘ಇದು ನಿನ್ನ ಬಳಿ ಇರುವ ಏಳನೆಯ ತುಂಡು’ ಎಂಬಷ್ಟೇ ಮಾಹಿತಿ ಹೋಗುತ್ತದೆ. ಹೊಂದದ ಅಕ್ಷರಗಳು ಮಾತ್ರ ಪೂರ್ತಿಯಾಗಿ ಹೋಗುತ್ತವೆ. ಮೂರನೆಯ ಪುಟದ ನಡುವೆ ಎರಡು ಸಾಲು ಸೇರಿ ಉಳಿದದ್ದೆಲ್ಲ ಕೆಳಗೆ ಸರಿದಿದ್ದರೂ ಈ ಕಿಟಕಿ ಅದನ್ನು ಗುರುತಿಸುತ್ತದೆ.

ಕಿಟಕಿ ಜಾರಿದಾಗಲೆಲ್ಲ ಲೆಕ್ಕವನ್ನು ಹೊಸದಾಗಿ ಮಾಡಬೇಕಿಲ್ಲ. 3, 1, 4, 1, 5, 9 ಎಂಬ ಅಂಕಿಗಳನ್ನು ನೋಡಿ. ಮೊದಲ ನಾಲ್ಕರ ಮೊತ್ತ 9. ಒಂದು ಹೆಜ್ಜೆ ಸರಿದರೆ 3 ಹೊರಗೆ, 5 ಒಳಗೆ. 9ರಲ್ಲಿ 3 ಕಳೆದು 5 ಕೂಡಿದರೆ 11. ಇನ್ನೊಂದು ಹೆಜ್ಜೆಗೆ 1 ಹೊರಗೆ, 9 ಒಳಗೆ, ಮೊತ್ತ 19. ಒಂದು ಕಳೆಯುವುದು, ಒಂದು ಕೂಡುವುದು, ಅಷ್ಟೆ. ಆದರೆ ಇಂಥ ಸುಲಭ ಲೆಕ್ಕದಲ್ಲಿ ಎರಡು ಬೇರೆ ತುಂಡುಗಳಿಗೆ ಒಂದೇ ಉತ್ತರ ಬರಬಹುದು. ಆದ್ದರಿಂದ ಸುಲಭ ಲೆಕ್ಕ ಹೊಂದಿದ ಕಡೆ ಮಾತ್ರ ಆರ್‌ಸಿಂಕ್ ಕಟ್ಟುನಿಟ್ಟಾದ ಎರಡನೆಯ ಬೆರಳಚ್ಚನ್ನೂ ಹೋಲಿಸುತ್ತದೆ.

ಒಂದು ಗೆರೆ ಕಡಿಮೆ

ಹೋಲಿಕೆಯ ಬೆಲೆ ಸಮಯದ ಉಳಿತಾಯವಷ್ಟೇ ಅಲ್ಲ ಎಂಬುದು ನವೆಂಬರ್ 2003ರಲ್ಲಿ ಗೊತ್ತಾಯಿತು. ಆಗ ಲಿನಕ್ಸ್‌ನ ಮುಖ್ಯ ಭಂಡಾರ ಬಿಟ್‌ಕೀಪರ್ ಎಂಬ ತಂತ್ರಾಂಶದಲ್ಲಿತ್ತು. ಅದನ್ನು ಬಳಸಲು ಒಪ್ಪದವರಿಗಾಗಿ ಸಿವಿಎಸ್‌ನಲ್ಲೂ ಒಂದು ನಕಲು ಇತ್ತು. ಮೂಲದಲ್ಲಿ ಆದ ಬದಲಾವಣೆ ತಾನಾಗಿಯೇ ನಕಲಿಗೆ ಬರುತ್ತಿತ್ತು. ಯಾರೋ ಆ ನಕಲಿದ್ದ ಕಂಪ್ಯೂಟರಿನೊಳಗೆ ನುಸುಳಿ, ಎರಡು ಸಾಲು ಸೇರಿಸಿದರು.

ನೋಡಿದರೆ ಅದು ಸಾಮಾನ್ಯ ತಪಾಸಣೆಯ ಸಾಲು. ಸಿ ಭಾಷೆಯಲ್ಲಿ ‘ಸಮವಾಗಿದೆಯೇ’ ಎಂದು ಕೇಳಲು ಎರಡು ಸಮಚಿಹ್ನೆ ಬರೆಯಬೇಕು: ‘==’. ಒಂದೇ ಬರೆದರೆ, ‘=’, ‘ಈ ಬೆಲೆಯನ್ನು ಕೊಡು’ ಎಂದರ್ಥ. ‘ಬಳಕೆದಾರನ ಸಂಖ್ಯೆ ಸೊನ್ನೆಯೇ?’ ಎಂದು ಕೇಳುವಂತೆ ಕಾಣುತ್ತಿದ್ದ ಸಾಲು ನಿಜಕ್ಕೂ ‘ಬಳಕೆದಾರನ ಸಂಖ್ಯೆಯನ್ನು ಸೊನ್ನೆ ಮಾಡು’ ಎನ್ನುತ್ತಿತ್ತು. ಲಿನಕ್ಸ್‌ನಲ್ಲಿ ಸೊನ್ನೆ ಸಂಖ್ಯೆಯವನೇ ಸರ್ವಾಧಿಕಾರಿ. ಗುಟ್ಟು ಬಲ್ಲ ಯಾವುದೇ ಸಾಧಾರಣ ಬಳಕೆದಾರ ಇಡೀ ಯಂತ್ರದ ಒಡೆಯನಾಗಬಹುದಿತ್ತು.

ಈ ಮೋಸ ಬಯಲಾದದ್ದು ಹೇಗೆ? ನಕಲನ್ನು ಮೂಲದೊಂದಿಗೆ ತಾಳೆ ನೋಡಿದಾಗ, ನಕಲಿನಲ್ಲಿದ್ದ ಬದಲಾವಣೆಗೆ ಮೂಲದಲ್ಲಿ ದಾಖಲೆಯೇ ಇರಲಿಲ್ಲ. ಸಾಲುಗಳನ್ನು ಕೂಡಲೇ ತೆಗೆದುಹಾಕಲಾಯಿತು, ಮುಖ್ಯ ಭಂಡಾರಕ್ಕೆ ಅವು ಹೋಗಿರಲೇ ಇಲ್ಲ. ಮಾಡಿದವರು ಯಾರೆಂದು ಬಹಿರಂಗವಾಗಲಿಲ್ಲ. ತಾಳೆ ನೋಡುವ ಅಭ್ಯಾಸ ಇರದಿದ್ದರೆ ಆ ಒಂದು ಗೆರೆಯ ಕೊರತೆ ಕಣ್ಣಿಗೆ ಬೀಳುವುದು ಕಷ್ಟವಿತ್ತು.

ಬೆರಳಚ್ಚಿನ ಸರಪಳಿ

2005ರಲ್ಲಿ ಲಿನಕ್ಸ್‌ನ ಜನಕ ಲೈನಸ್ ಟೊರ್ವಾಲ್ಡ್ಸ್ ಗಿಟ್ ಎಂಬ ಹೊಸ ತಂತ್ರಾಂಶ ಬರೆದರು. ಇದರಲ್ಲಿ ಪ್ರತಿಯೊಂದು ಬದಲಾವಣೆಗೂ ಒಂದು ಬೆರಳಚ್ಚು ಇರುತ್ತದೆ. ಆ ಲೆಕ್ಕದಲ್ಲಿ ಹಿಂದಿನ ಬದಲಾವಣೆಯ ಬೆರಳಚ್ಚೂ ಸೇರಿರುತ್ತದೆ. ಐದು ವರ್ಷ ಹಿಂದಿನ ಒಂದು ಚುಕ್ಕಿಯನ್ನು ಬದಲಿಸಿದರೂ ಅಲ್ಲಿಂದ ಮುಂದಿನ ಬೆರಳಚ್ಚುಗಳೆಲ್ಲ ಬದಲಾಗುತ್ತವೆ. ಅಷ್ಟೇ ಅಲ್ಲ, ಗಿಟ್ ಬಳಸುವವರ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಇಡೀ ಇತಿಹಾಸದ ಪ್ರತಿ ಇರುತ್ತದೆ.

ಆಗಸ್ಟ್ 2011ರಲ್ಲಿ ಲಿನಕ್ಸ್‌ನ ಮುಖ್ಯ ತಾಣದ ಕಂಪ್ಯೂಟರುಗಳಿಗೇ ಕನ್ನ ಬಿದ್ದದ್ದು ತಿಳಿಯಿತು. ತಾಣ ಹಲವು ವಾರ ಮುಚ್ಚಿತ್ತು. ಆದರೆ ಸೋರ್ಸ್ ಕೋಡಿನ ಬಗ್ಗೆ ಯಾರೂ ಕಂಗೆಡಲಿಲ್ಲ. ಸಾವಿರಾರು ಜನರ ಬಳಿ ಪೂರ್ತಿ ಪ್ರತಿಗಳಿದ್ದವು. ಮೂಲದಲ್ಲಿ ಹಳೆಯದನ್ನು ತಿರುಚಿದ್ದರೆ ಅವರು ಹೊಸ ಬದಲಾವಣೆ ತರಿಸಿಕೊಳ್ಳುವಾಗಲೇ ಬೆರಳಚ್ಚುಗಳು ಹೊಂದದೆ ಗುಟ್ಟು ರಟ್ಟಾಗುತ್ತಿತ್ತು. ಫ್ರೀಬಿಎಸ್‌ಡಿ ಕೂಡ 2008ರಲ್ಲಿ ಸಿವಿಎಸ್ ಬಿಟ್ಟು ಸಬ್‌ವರ್ಷನ್‌ಗೆ ಹೋಗಿ, 2020ರ ಕೊನೆಗೆ ಗಿಟ್‌ಗೆ ಬಂದಿತು.

ಒಂದು ಎಚ್ಚರಿಕೆಯ ಮಾತು. ಮೂಲಕ್ಕೆ ಹೊಂದಿಸಿದ ಪ್ರತಿಯೇ ಆಪತ್ತಿಗೆ ಆಗುವ ಪ್ರತಿ ಎಂದು ತಿಳಿಯಬಾರದು. ಮೂಲದಲ್ಲಿ ಅಳಿಸಿದ್ದನ್ನು ನಕಲಿನಲ್ಲೂ ಅಳಿಸುವಂತೆ ಹೊಂದಿಸಿದ್ದರೆ, ಕೈತಪ್ಪಿ ಅಳಿಸಿದ ಕಡತ ಎರಡೂ ಕಡೆ ಹೋಗುತ್ತದೆ. ಅದನ್ನು ಮತ್ತೆ ಪಡೆಯಲು ಹಳೆಯ ರೂಪಗಳನ್ನೂ ಕಾಪಾಡಿದ ಭಂಡಾರ ಬೇಕು. ಮಕ್ಕಳ ಫೋಟೋ, ಅಂಕಪಟ್ಟಿ, ಮನೆಯ ಕಾಗದಪತ್ರಗಳನ್ನು ಕಂಪ್ಯೂಟರಿನಲ್ಲಿಡುವ ತಂದೆತಾಯಿಗಳಿಗೂ ಇದು ಅನ್ವಯಿಸುತ್ತದೆ.

ಮಾಡಿ ನೋಡಿ

ಇಬ್ಬರು ಗೆಳೆಯರು ಒಂದೇ ಇಪ್ಪತ್ತು ಅಂಕಿಗಳನ್ನು ಬರೆದುಕೊಳ್ಳಲಿ. ಒಬ್ಬ ಗುಟ್ಟಾಗಿ ಒಂದು ಅಂಕಿಯನ್ನು ಬದಲಿಸಲಿ. ಇಬ್ಬರೂ ನಾಲ್ಕು ನಾಲ್ಕು ಅಂಕಿಗಳ ಮೊತ್ತವನ್ನಷ್ಟೇ ಹೇಳಿಕೊಂಡರೆ ಬದಲಾದ ತುಂಡು ಯಾವುದೆಂದು ತಿಳಿಯುತ್ತದೆ. ಈಗ ಅಂಕಿ ಬದಲಿಸದೆ, ಒಂದೇ ತುಂಡಿನ 3 ಮತ್ತು 1ರ ಸ್ಥಾನ ಅದಲುಬದಲು ಮಾಡಿ. ಮೊತ್ತ ಏನೂ ಹೇಳುವುದಿಲ್ಲ! ಆಗ ಮೊದಲ ಅಂಕಿಯನ್ನು 1ರಿಂದ, ಎರಡನೆಯದನ್ನು 2ರಿಂದ, ಮೂರು, ನಾಲ್ಕನೆಯವನ್ನು 3, 4ರಿಂದ ಗುಣಿಸಿ ಕೂಡಿ. 3, 1, 4, 1ಕ್ಕೆ 21 ಬಂದರೆ 1, 3, 4, 1ಕ್ಕೆ 23 ಬರುತ್ತದೆ. ಕಳ್ಳ ಸಿಕ್ಕಿಬಿದ್ದ. ಈ ಲೆಕ್ಕಕ್ಕೂ ಸಿಗದ ಬದಲಾವಣೆ ಯಾವುದಾದರೂ ಇದೆಯೆ? ಹುಡುಕುವ ಕೆಲಸ ಈ ಭಾನುವಾರಕ್ಕೆ.